ನಾಲ್ಕನೆಯ ಅಧ್ಯಾಯದ ಪರ ವಕಾಲತ್ತು

ಜೆ.ಪಿ. ನಗರ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವನು ಅದರ ಬಗ್ಗೆ ಬರೆಯಲೇಬೇಕು ಎಂದು ಯಾವ ಕಾಯಿದೆಯಲ್ಲೂ ಇಲ್ಲ. ನಾನು ಹುಡುಕಿ ನೋಡಿದ್ದೇನೆ. ಆದರೂ ನಮ್ಮ ಬೆಳಗಿನ ವಾಕಿಂಗ್ ಗುಂಪಿನ ಹಿರಿಯರು, ನಾನು ಬಂದು ಮೂರು ತಿಂಗಳಾದರೂ ಬಾಯಿ ಬಿಡದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ ವಿಚಾರಣೆ ನಡೆಸಿದರು. "ಏನ್ರೀ, ಸ್ಕಾಟ್ಲೆಂಡಿಗೆ ಹೋಗಿದ್ರೋ, ಜೈಲಿಗೆ ಹೋಗಿದ್ರೋ? ಒಂದು ಫೋಟೋನೂ ಇಲ್ವಲ್ಲ!" ಆದಕಾರಣ ಈ ಹೇಳಿಕೆ. ಫೋಟೋ ಇಲ್ಲ. ಕೋಟೆ, ಸರೋವರ, ಕುರಿಮಂದೆ ಇವುಗಳ ವಿವರ ಬೇಕಾದವರು ಬೇರೆ ಸಾಕ್ಷಿಗಳನ್ನು ಕರೆಸಿಕೊಳ್ಳಬಹುದು.

ನಾನು ಮೂವತ್ತೊಂದು ವರ್ಷ ದಕ್ಷಿಣ ಬೆಂಗಳೂರಿನ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಮಾಡಿದವನು. ಬೆಳಗ್ಗೆ ಏಳಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುವ ಕಾಲೇಜು. ಆಮೇಲೆ ವಿದ್ಯಾರ್ಥಿಗಳೆಲ್ಲ ತಂತಮ್ಮ ಕೆಲಸಕ್ಕೆ ಓಡಬೇಕು: ಒಬ್ಬ ಪೊಲೀಸ್ ಠಾಣೆಗೆ, ಒಬ್ಬ ಔಷಧಿ ಅಂಗಡಿಗೆ, ಒಬ್ಬ ಡಿಪೋಗೆ. ಇಂಥವರಿಗೆ ತೀರ್ಪುಗಳನ್ನು ಓದಿಕೊಂಡು ಬನ್ನಿ ಎಂದರೆ ಅದು ಕ್ರೌರ್ಯ. ಹಾಗಾಗಿ ನಾನು ನೋಟ್ಸ್ ಹೇಳಿ ಬರೆಸುತ್ತಿದ್ದೆ. ಅಲ್ಪವಿರಾಮ, ಪೂರ್ಣವಿರಾಮ ಸಮೇತ. ಪರೀಕ್ಷೆಯಲ್ಲಿ ಅವರು ಅದನ್ನೇ ವಾಪಸು ಬರೆಯುತ್ತಿದ್ದರು, ನಾನು ಅದಕ್ಕೇ ಅಂಕ ಕೊಡುತ್ತಿದ್ದೆ. ನ್ಯಾಯದಾನ ಹೀಗೆ ಸುಸೂತ್ರವಾಗಿ ನಡೆದಿತ್ತು.

ರೂಪ ಗೋಡೆ ಬದಿಯ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಹುಳಿಮಾವಿನವಳು. ಅವಳ ತಾತ ಅಲ್ಲಿನ ಕೆರೆಗೆ ನೀರುಗಂಟಿಯಾಗಿದ್ದವರು, ಅಂದರೆ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದವರು. ಅದಕ್ಕೆ ಪ್ರತಿಯಾಗಿ ಕೆರೆಯ ಹಿಂದಿನ ಒಂದು ತುಂಡು ನೆಲದ ಮೇಲೆ ಆ ಮನೆತನಕ್ಕೆ ರೂಢಿಯಿಂದ ಬಂದ ಹಕ್ಕು ಇರುತ್ತಿತ್ತು. ಗದ್ದೆಗಳು ಹೋದವು, ತೂಬು ಹೂತುಹೋಯಿತು, ಹಕ್ಕು ಏನಾಯಿತೆಂದು ಯಾರೂ ಕೇಳಲಿಲ್ಲ. ಒಂದು ಬೆಳಗ್ಗೆ ನಾನು ತರಗತಿಯಲ್ಲಿ ಹಳೆಯ ಕೆರೆ ಮೊಕದ್ದಮೆಯೊಂದನ್ನು ಬರೆಸಿದೆ: ಬಳಕೆ ನಿಂತಿತೆಂಬ ಒಂದೇ ಕಾರಣಕ್ಕೆ ರೂಢಿಯ ಹಕ್ಕು ಹೋಗುವುದಿಲ್ಲ ಎಂದು ಕೋರ್ಟು ಹೇಳಿತು, ಪೂರ್ಣವಿರಾಮ. ರೂಪ ಎದ್ದು ನಿಂತಳು.

"ಸಾರ್, ಇನ್ನೊಂದ್ಸಲ ಹೇಳಿ."

"ಬರ್ಕೊಳ್ಳಲಿಲ್ವೇನಮ್ಮ?"

"ಬರ್ಕೊಂಡೆ ಸಾರ್. ಇನ್ನೊಂದ್ಸಲ ಕೇಳ್ಬೇಕು."

ಆ ಒಂದು ವಾಕ್ಯದ ಹಿಂದೆ ಬಿದ್ದು ಅವಳು ಸ್ಕಾಟ್ಲೆಂಡಿನ ಒಂದು ಕಾನೂನು ಶಾಲೆಯವರೆಗೆ ಹೋದಳು. ನೀರುಗಂಟಿಗಳ ಹಕ್ಕಿನ ಮೇಲೆ ಡಾಕ್ಟರೇಟು. ಐದು ಅಧ್ಯಾಯ, ಅದರಲ್ಲಿ ನಾಲ್ಕನೆಯದು ಇಡಿಯಾಗಿ ನನ್ನ ಕೆರೆ ಮೊಕದ್ದಮೆಯ ಮೇಲೆ ನಿಂತದ್ದು. ಈ ಸಂಗತಿಯನ್ನು ನಾನು ಜೆ.ಪಿ. ನಗರದ ಎಲ್ಲ ಹಂತಗಳಲ್ಲೂ ಪ್ರಚಾರ ಮಾಡಿದ್ದೆ.

ಈ ವರ್ಷ ಫೆಬ್ರವರಿಯಲ್ಲಿ ಅವಳಿಗೆ ಜ್ವರ ಬಂತು, ನ್ಯುಮೋನಿಯಾ ಆಯಿತು, ನಾಲ್ಕನೆಯ ದಿನ ತೀರಿಕೊಂಡಳು. ಮೂವತ್ತೊಂದು ವಯಸ್ಸು. ಐದನೆಯ ಅಧ್ಯಾಯದ ಒಂದು ಸಾಲನ್ನೂ ಬರೆದಿರಲಿಲ್ಲ.

ಏಪ್ರಿಲಿನಲ್ಲಿ ಆ ಶಾಲೆಯಿಂದ ಪತ್ರ ಬಂತು. ಅವರಲ್ಲಿ ಒಂದು ಪದ್ಧತಿಯಿದೆ. ಸಂಶೋಧನೆಯ ಕೊನೆಯಲ್ಲಿ ಅಭ್ಯರ್ಥಿ ತೀರಿಕೊಂಡರೆ, ಬರೆದಷ್ಟು ಬರಹವನ್ನು ಪರೀಕ್ಷಕರ ಸಮಿತಿಯ ಮುಂದೆ ಇಡುತ್ತಾರೆ; ಆ ಕೆಲಸವನ್ನು ಬಲ್ಲ ಒಬ್ಬರು ಅಭ್ಯರ್ಥಿಯ ಪರವಾಗಿ ಕೂತು ಪ್ರಶ್ನೆಗಳಿಗೆ ಉತ್ತರಿಸಬಹುದು. ಒಂದೇ ಷರತ್ತು: ಅಭ್ಯರ್ಥಿ ಬರೆದಿಟ್ಟದ್ದರಲ್ಲಿ ಇರುವುದನ್ನು ಮಾತ್ರ ಹೇಳಬೇಕು, ತನ್ನ ತಲೆಯಿಂದ ಏನನ್ನೂ ಸೇರಿಸಕೂಡದು. ನಾಲ್ಕು ಅಧ್ಯಾಯ ನಿಂತರೆ ಡಾಕ್ಟರೇಟು. ನಿಲ್ಲದಿದ್ದರೆ ಇಲ್ಲ.

ರೂಪಳ ತಾಯಿ ಗೌರಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಗಂಡ ಇಲ್ಲ. ಪತ್ರವನ್ನು ನಾನು ಓದಿ ಹೇಳಿದೆ. ಬುದ್ಧನ ಪಟದ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡು ಅವರು ಒಂದೇ ಮಾತು ಹೇಳಿದರು.

"ನೀವೇ ಹೋಗ್ಬನ್ನಿ ಸಾರ್. ಬೀದೀಲಿ ಎಲ್ರೂ, ಪಾಪ ಓದು ಅರ್ಧಕ್ಕೇ ನಿಂತೋಯ್ತು ಅಂತಾರೆ. ನಿಂತಿಲ್ಲ ಅಂತ ಒಂದು ಕಾಗದ ತಂದ್ಕೊಡಿ. ಡಾಕ್ಟರ್ ರೂಪ ಅಂತ."

ತರುತ್ತೇನೆ ಎಂದೆ. ನನಗೆ ಸಂಶಯವೇ ಇರಲಿಲ್ಲ. ನಾಲ್ಕನೆಯ ಅಧ್ಯಾಯ ಎಷ್ಟು ಗಟ್ಟಿಯೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಮೊದಲ ದಿನ, ಬಸ್ಸಿನಲ್ಲಿ

ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಪಾಸ್‌ಪೋರ್ಟು. ನಮ್ಮ ಮನೆಯವರು ಎರಡು ಸ್ವೆಟರು, ಒಂದು ಮಂಕಿಕ್ಯಾಪು, ಎರಡು ಡಬ್ಬಿ ಚಟ್ನಿಪುಡಿ ಕಟ್ಟಿದ್ದರು. ಮೇ ತಿಂಗಳು. ಇಳಿದು ನೋಡಿದರೆ ಸೋನೆ ಹನಿಯುತ್ತಿತ್ತು, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಸ್ ಸ್ಟಾಪಿನಲ್ಲಿದ್ದ ಅಜ್ಜಿಯೊಬ್ಬರು ನನ್ನತ್ತ ನೋಡಿ, ಎಂಥ ಚೆಂದದ ದಿನ ಅಲ್ಲವೇ ಎಂದರು. ನಾನು ಮಂಕಿಕ್ಯಾಪಿನೊಳಗಿಂದ ಒಪ್ಪಿಕೊಂಡೆ.

ಬಸ್ಸಿನಲ್ಲಿ ಮೊದಲ ಅಚಾತುರ್ಯ ನಡೆಯಿತು. ನಮ್ಮೂರಿನಲ್ಲಿ ಇಳಿಯುವ ಸ್ಟಾಪಿಗಿಂತ ಒಂದು ಸ್ಟಾಪು ಮುಂಚೆಯೇ ಎದ್ದು, ಚೀಲ ಹಿಡಿದು, ಬಾಗಿಲ ಹತ್ತಿರ ನಿಲ್ಲುವುದು ನಾಗರಿಕನ ಮೂಲಭೂತ ಕರ್ತವ್ಯ. ಇಲ್ಲದಿದ್ದರೆ ಇಳಿಯುವುದು ಬನಶಂಕರಿಯ ಬದಲು ಕತ್ರಿಗುಪ್ಪೆಯಲ್ಲಿ. ಅಭ್ಯಾಸಬಲದಿಂದ ಎದ್ದು ನಿಂತೆ. ಡ್ರೈವರು ಬಸ್ಸನ್ನು ರಸ್ತೆ ಬದಿಗೆ ಒಯ್ದು ನಿಲ್ಲಿಸಿ, ಹಿಂದೆ ತಿರುಗಿ, "ಸಾರ್, ಮೈಗೆ ಹುಷಾರಿಲ್ಲವೇ?" ಎಂದು ಕೇಳಿದ. ಇಡೀ ಬಸ್ಸು ನನ್ನ ಕಡೆ ನೋಡಿತು. ಹುಷಾರಾಗಿದ್ದೇನೆ, ಇಳಿಯಲು ಸಿದ್ಧನಾಗುತ್ತಿದ್ದೇನೆ ಎಂದೆ. "ಇನ್ನೂ ಒಂದು ಮೈಲಿ ಇದೆ" ಎಂದ ಆತ, ತುಂಬ ಮೃದುವಾಗಿ. ನಾನು ಕೂತೆ. ಅಲ್ಲಿ ಬಸ್ಸು ಪೂರ್ತಿ ನಿಂತ ಮೇಲೆ ಏಳುತ್ತಾರೆ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ರೂಪ ಕೂಡ ನಾಲ್ಕು ವರ್ಷ ಇದೇ ಬಸ್ಸಿನಿಂದ ಇಳಿಯುತ್ತ ಹೇಳಿರಬೇಕು. ನಾನೂ ಹೇಳಿದೆ.

ಸ್ಟಾಪಿನಲ್ಲಿ ನನ್ನನ್ನು ಕರೆದೊಯ್ಯಲು ನಿಂತಿದ್ದವಳು ಎನ್‌ಗೋಜಿ, ನೈಜೀರಿಯಾದ ಹುಡುಗಿ, ರೂಪಳ ಪಕ್ಕದ ಮೇಜಿನ ಸಂಶೋಧಕಿ. ನನ್ನ ಪೆಟ್ಟಿಗೆಯನ್ನು ಕಸಿದುಕೊಂಡಳು.

"ರೂಪ ಯಾವಾಗಲೂ 'ಸಾರ್' 'ಸಾರ್' ಅನ್ನುತ್ತಿದ್ದಳು. ಸಾರ್ ಹೀಗೆ ಹೇಳಿದರು, ಸಾರ್ ಹಾಗೆ ಬರೆಸಿದರು. ಒಂದು ವರ್ಷ ನಾನು ಅದು ನಿಮ್ಮ ಹೆಸರೇ ಅಂದುಕೊಂಡಿದ್ದೆ."

"ಈಗ ಗೊತ್ತಾಯಿತಲ್ಲ."

"ಗೊತ್ತಾಯಿತು. ಆದರೂ ಸಾರ್ ಅಂತಲೇ ಕರೆಯುತ್ತೇನೆ. ಬೇರೆ ಹೆಸರಿನವರನ್ನು ನಾನು ಎದುರುನೋಡುತ್ತಿರಲಿಲ್ಲ."

ರೂಪಳ ಬಟ್ಟೆಬರೆಯನ್ನು ಅವಳು ಎರಡು ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದಳು. ಕಾಗದಪತ್ರ ಮೂರು ರಟ್ಟಿನ ಡಬ್ಬಿ. ಸಂಶೋಧಕರ ಕೋಣೆಯಲ್ಲಿ ರೂಪಳ ಮೇಜನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅಲ್ಲೇ ಕೂತು ಕೆಲಸ ಮಾಡಿ ಎಂದರು. ಕುರ್ಚಿ ನನಗೆ ಸ್ವಲ್ಪ ತಗ್ಗು. ಏರಿಸುವ ಹಿಡಿಕೆ ಇತ್ತು, ಮುಟ್ಟಲಿಲ್ಲ.

ಎರಡನೆಯ ದಿನ, ಪಾಠದ ಕೋಣೆ

ರೂಪಳ ಮಾರ್ಗದರ್ಶಕಿ ಪ್ರೊಫೆಸರ್ ಆಗ್ನೆಸ್. ಅರವತ್ತರ ಹತ್ತಿರದ ಹೆಂಗಸು, ಸೈಕಲ್ಲಿನಲ್ಲಿ ಬರುತ್ತಾರೆ. ತಮ್ಮ ತರಗತಿಗೆ ಬಂದು ಕೂರಿ ಎಂದು ಕರೆದರು. ನಾನು ಟೈ ಕಟ್ಟಿಕೊಂಡು ಹೋದೆ. ಆ ಕಟ್ಟಡದಲ್ಲಿ ಟೈ ಕಟ್ಟಿದ್ದವನು ನಾನೊಬ್ಬನೇ. ಕಂಪ್ಯೂಟರ್ ರಿಪೇರಿಗೆ ಬಂದವನು ನನ್ನನ್ನು ಯಾರೋ ಮೇಲಧಿಕಾರಿ ಎಂದುಕೊಂಡು ಸಹಿ ಕೇಳಿದ.

ದುಂಡು ಮೇಜಿನ ಸುತ್ತ ಹನ್ನೆರಡು ಜನ. ಒಬ್ಬಳು ಹಸಿ ಕ್ಯಾರೆಟ್ಟು ಕಡಿಯುತ್ತಿದ್ದಳು. ಇನ್ನೊಬ್ಬ ಶೂ ಕಳಚಿ ಕಾಲು ಕುರ್ಚಿಯ ಮೇಲೆ ಇಟ್ಟುಕೊಂಡಿದ್ದ. ಮೇಜಿನ ಕೆಳಗೆ ನಾಯಿ. ಅದು ಯಾವ ವರ್ಷದ ವಿದ್ಯಾರ್ಥಿಯೆಂದು ನಾನು ಕೇಳಲಿಲ್ಲ. ಎಲ್ಲರೂ ಪ್ರೊಫೆಸರನ್ನು 'ಆಗ್ನೆಸ್' ಎಂದೇ ಕರೆಯುತ್ತಾರೆ. ನಮ್ಮ ಕಾಲೇಜಿನಲ್ಲಿ ಯಾರಾದರೂ ನನ್ನನ್ನು ಹಾಗೆ ಕರೆದಿದ್ದರೆ ಆಡಳಿತ ಮಂಡಳಿ ತುರ್ತುಸಭೆ ಸೇರುತ್ತಿತ್ತು.

ಪಾಠದ ನಡುವೆ ಕ್ಯಾರೆಟ್ಟಿನ ಹುಡುಗಿ, "ಆಗ್ನೆಸ್, ನೀವು ಹೇಳಿದ್ದು ತಪ್ಪು" ಎಂದಳು. ನನ್ನ ಬೆನ್ನು ನೆಟ್ಟಗಾಯಿತು.

"ಹೌದಾ? ಎಲ್ಲಿ, ತೋರಿಸು."

ಹುಡುಗಿ ಪುಸ್ತಕ ದಾಟಿಸಿದಳು. ಆಗ್ನೆಸ್ ಕನ್ನಡಕ ಹಣೆಗೇರಿಸಿ ಓದಿದರು.

"ನೀನು ಹೇಳಿದ್ದೇ ಸರಿ. ಹತ್ತು ವರ್ಷದಿಂದ ತಪ್ಪು ಹೇಳಿಕೊಡುತ್ತಿದ್ದೇನೆ. ಮುಂದಕ್ಕೆ ಹೋಗೋಣ."

ಮುಂದಕ್ಕೆ ಹೋದರು. ನಾಯಿ ತಲೆ ಕೂಡ ಎತ್ತಲಿಲ್ಲ.

ನನಗೆ ಹಳೆಯದೊಂದು ನೆನಪಾಯಿತು. ಒಮ್ಮೆ ಒಬ್ಬ ಪೊಲೀಸ್ ಪೇದೆ, ನನ್ನ ವಿದ್ಯಾರ್ಥಿ, ತರಗತಿಯಲ್ಲಿ ನನ್ನ ತಪ್ಪು ಹಿಡಿದಿದ್ದ. ಕೂತ್ಕೊಳ್ಳಪ್ಪಾ, ಆಮೇಲೆ ಸ್ಟಾಫ್ ರೂಮಿಗೆ ಬಾ ಎಂದಿದ್ದೆ. ಬಂದ. ಬಾಗಿಲು ಹಾಕಿ, ಕಾಫಿ ತರಿಸಿಕೊಟ್ಟು, ನೀನು ಹೇಳಿದ್ದು ಸರಿ ಎಂದೆ. ಬಾಗಿಲು ತೆಗೆದ ಮೇಲೆ ಅದನ್ನು ಯಾರಿಗೂ ಹೇಳಲಿಲ್ಲ. ಆ ವರ್ಷದ ಉಳಿದ ಎಪ್ಪತ್ತು ಜನ ತಪ್ಪನ್ನೇ ಬರೆದು ಪಾಸಾದರು.

ಗುರುವಾರ, ಕೇಕು

ಸಂಶೋಧಕರ ಕೋಣೆಯಲ್ಲಿ ಒಂದು ಆಚಾರವಿದೆ. ವಾರವೆಲ್ಲ ಒಬ್ಬರ ಅಡಿಟಿಪ್ಪಣಿಯನ್ನು ಇನ್ನೊಬ್ಬರು ತಿದ್ದುತ್ತಾರೆ. ಯಾರ ಟಿಪ್ಪಣಿಯಲ್ಲಿ ತಪ್ಪು ಸಿಕ್ಕಿತೋ ಅವರು ಗುರುವಾರ ಹನ್ನೊಂದು ಗಂಟೆಗೆ ಕೇಕು ತರಬೇಕು. ತಪ್ಪು ಹುಡುಕಿದವರಿಗೆ ಮೊದಲ ಹೋಳು. ಪುಟಸಂಖ್ಯೆ ತಪ್ಪಿದ್ದರೆ ಸಾದಾ ಕೇಕು. ತೀರ್ಪನ್ನೇ ತಪ್ಪು ಓದಿದ್ದರೆ ಚಾಕೊಲೇಟು. ಇಂಥ ಲಿಖಿತವಲ್ಲದ ದಂಡಸಂಹಿತೆಯನ್ನು ಎಲ್ಲರೂ ನಗುತ್ತ ಪಾಲಿಸುವುದು ನೋಡಿ ಬೆರಗಾದೆ.

"ರೂಪ ಎಷ್ಟು ಸಲ ತಂದಳು?" ಎಂದು ಕೇಳಿದೆ.

"ನಾಲ್ಕು ವರ್ಷದಲ್ಲಿ ಎರಡೇ ಸಲ" ಎಂದಳು ಎನ್‌ಗೋಜಿ. "ಅದೂ ಕೇಕಲ್ಲ. ಹಳದಿ ಅನ್ನ, ಕಡಲೆಬೀಜ ಹಾಕಿದ್ದು. ಅವಳು ಮೊದಲ ಹೋಳು ತಿಂದದ್ದು ಮಾತ್ರ ಲೆಕ್ಕವಿಲ್ಲ. ನನ್ನ ತಪ್ಪುಗಳಿಂದಲೇ ಅವಳ ತೂಕ ಹೆಚ್ಚಾಯಿತು ಅಂತ ರೇಗಿಸುತ್ತಿದ್ದೆ. ಆಗ್ನೆಸ್ ಅವರದೂ ಬಿಡುತ್ತಿರಲಿಲ್ಲ. ಅಷ್ಟು ದೊಡ್ಡ ಪ್ರೊಫೆಸರ್ ಪಾಪ ಮಳೆಯಲ್ಲಿ ಸೈಕಲ್ಲಿಗೆ ಕೇಕು ಕಟ್ಟಿಕೊಂಡು ಬಂದಿದ್ದರು."

ನಾನು ನಕ್ಕೆ. ಹೆಮ್ಮೆಯೂ ಆಯಿತು. ನನ್ನ ಶಿಷ್ಯೆ ತಪ್ಪು ಕಂಡರೆ ಯಾರನ್ನೂ ಬಿಡುವವಳಲ್ಲ ಎಂದುಕೊಂಡೆ.

ಶುಕ್ರವಾರ, ನೆಲಮಾಳಿಗೆ

ಯೂರೋಪಿನ ಉಲ್ಲೇಖಗಳನ್ನು ಆಗ್ನೆಸ್ ಆಗಲೇ ತಾಳೆ ನೋಡಿ ಮುಗಿಸಿದ್ದರು. ಭಾರತದ ಮೊಕದ್ದಮೆಗಳನ್ನು ಮೂಲದ ಜೊತೆ ಹೋಲಿಸುವುದು ನನ್ನ ಪಾಲಿಗೆ ಬಂತು. ಎರಡು ದಿನ ಒಂದೊಂದೇ ನೋಡುತ್ತ ಬಂದೆ. ಒಂದು ಪುಟಸಂಖ್ಯೆಯೂ ತಪ್ಪಿರಲಿಲ್ಲ. ಕೆರೆ ಮೊಕದ್ದಮೆಯನ್ನು ಕೊನೆಗೆ ಉಳಿಸಿಕೊಂಡೆ, ಊಟದಲ್ಲಿ ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುವವರಂತೆ.

ಭಾರತದ ಹಳೆಯ ತೀರ್ಪುಗಳ ಸಂಪುಟಗಳು ಗ್ರಂಥಾಲಯದ ನೆಲಮಾಳಿಗೆಯಲ್ಲಿವೆ. ಅಲ್ಲಿ ಕಪಾಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಚಕ್ರ ತಿರುಗಿಸಿದರೆ ನಡುವೆ ದಾರಿ ಬಿಡುತ್ತವೆ. ನಾನು ಒಳಗಿದ್ದಾಗಲೇ ಯಾರೋ ಆಚೆಯಿಂದ ಚಕ್ರ ತಿರುಗಿಸಿದರು. ಎರಡು ಕಡೆಯಿಂದ ಕಾನೂನು ನನ್ನನ್ನು ಒತ್ತಿಕೊಂಡು ಬಂತು. "ಅಯ್ಯಯ್ಯೋ, ನಿಲ್ಸ್ರೀ!" ಎಂದು ಶುದ್ಧ ಕನ್ನಡದಲ್ಲಿ ಕೂಗಿದೆ. ಕಪಾಟು ನಿಂತಿತು. ಆಚೆಯ ಹುಡುಗ ಓಡಿಬಂದು ಏಳೆಂಟು ಸಲ ಕ್ಷಮೆ ಕೇಳಿದ. ಪರವಾಗಿಲ್ಲ ಎಂದು ನಗುನಗುತ್ತಲೇ ಸಂಪುಟ ತೆಗೆದು ಮೇಜಿನ ಮೇಲೆ ಬಿಡಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಾಲೇಜಿನಲ್ಲೂ ಈ ಸಂಪುಟ ಇತ್ತು. ಆದರೆ ಯಾವನೋ ಪುಣ್ಯಾತ್ಮ, ಪರೀಕ್ಷೆಯ ಹಿಂದಿನ ವಾರ ಇರಬೇಕು, ಕೆರೆ ಮೊಕದ್ದಮೆಯ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ ಒಯ್ದಿದ್ದ. ಉಳಿದದ್ದು ಮೊದಲ ಪುಟ ಮಾತ್ರ. ಆ ಪುಟದಲ್ಲಿ ಇರುವುದು ಹೆಡ್‌ನೋಟು, ಅಂದರೆ ತೀರ್ಪಿನ ತಲೆಯ ಮೇಲೆ ಪ್ರಕಾಶಕರ ಕಡೆಯ ಯಾರೋ ವಕೀಲರು ಸಣ್ಣ ಅಕ್ಷರದಲ್ಲಿ ಬರೆದ ಸಾರಾಂಶ. ಅದು ಕೋರ್ಟಿನ ಮಾತಲ್ಲ. ಹೆಡ್‌ನೋಟನ್ನು ನಂಬಬೇಡಿ, ತೀರ್ಪನ್ನು ಓದಿ ಎಂದು ಮೊದಲ ವರ್ಷದ ಮೊದಲ ತರಗತಿಯಲ್ಲೇ ಪ್ರತಿ ಬಾರಿ ಹೇಳುತ್ತಿದ್ದವನು ನಾನು. ಅದೇ ನಾನು ಆ ಹೆಡ್‌ನೋಟಿನ ಒಂದು ವಾಕ್ಯವನ್ನು ಕೋರ್ಟಿನ ಬಾಯಲ್ಲಿ ಇಟ್ಟು ಮೂವತ್ತೊಂದು ವರ್ಷ ಬರೆಸಿದ್ದೆ. ಆಮೇಲೆ ಕಂಪ್ಯೂಟರು ಬಂತು, ಎಲ್ಲ ತೀರ್ಪೂ ಬೆರಳ ತುದಿಗೆ ಬಂತು. ಬಾಯಿಪಾಠ ಬರುವುದನ್ನು ಯಾರು ಹುಡುಕುತ್ತಾರೆ?

ಇಲ್ಲಿನ ಸಂಪುಟದಲ್ಲಿ ಪುಟಗಳೆಲ್ಲ ಇದ್ದವು. ಓದಿದೆ. ನೀರುಗಂಟಿಯ ಮನೆಯವರು ಆ ಮೊಕದ್ದಮೆಯನ್ನು ಗೆದ್ದಿದ್ದರು, ನಿಜ. ಆದರೆ ಗೆದ್ದದ್ದು ಬೇರೆ ಕಾರಣಕ್ಕೆ: ಎದುರು ಪಕ್ಷದವರ ದಾಖಲೆ ದೋಷ. ಬಳಕೆ ನಿಂತರೆ ರೂಢಿಯ ಹಕ್ಕು ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಈ ದಿನ ತೀರ್ಮಾನಿಸುವ ಅಗತ್ಯವಿಲ್ಲ ಎಂದು ಕೋರ್ಟು ಬಿಟ್ಟುಬಿಟ್ಟಿತ್ತು. ಹೆಡ್‌ನೋಟು ಬರೆದಾತ ಉತ್ಸಾಹದಲ್ಲಿ ತಾನೇ ತೀರ್ಮಾನಿಸಿದ್ದ. ಮೂರು ಸಲ ಓದಿದೆ. ಪ್ರತಿ ಸಲವೂ ಕೋರ್ಟು ಏನೂ ಹೇಳಲಿಲ್ಲ.

ನಾಲ್ಕನೆಯ ಅಧ್ಯಾಯ ನಿಂತಿದ್ದು ಕೋರ್ಟು ಹೇಳದ ಆ ಮಾತಿನ ಮೇಲೆ.

ಮೇಲೆ ಹೋಗಿ ರಟ್ಟಿನ ಡಬ್ಬಿಗಳನ್ನು ಬಿಚ್ಚಿದೆ. ಏನನ್ನು ಹುಡುಕುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ನಾಲ್ಕನೆಯ ಅಧ್ಯಾಯದ ಫೈಲಿನ ತಳದಲ್ಲಿ ಅದೇ ತೀರ್ಪಿನ ಜೆರಾಕ್ಸ್ ಇತ್ತು. ಕೋರ್ಟು ಪ್ರಶ್ನೆಯನ್ನು ಬಿಟ್ಟುಬಿಟ್ಟ ಪ್ಯಾರಾದ ಕೆಳಗೆ ಪೆನ್ಸಿಲ್ ಗೆರೆ. ಅಂಚಿನಲ್ಲಿ ಡಿಸೆಂಬರಿನ ಒಂದು ತಾರೀಖು, ಅದರ ಕೆಳಗೆ ರೂಪಳ ದುಂಡು ಅಕ್ಷರ, ಕನ್ನಡದಲ್ಲಿ:

"ಇದು ಕೋರ್ಟ್ ಹೇಳಿಲ್ಲ. ಬರೀ ಹೆಡ್‌ನೋಟ್. ಸಾರ್‌ಗೆ ಫೋನಲ್ಲಿ ಹೇಳೋದು ಬೇಡ, ಎದುರಿಗೆ ಕೂತು ಹೇಳ್ಬೇಕು. ಅಲ್ಲಿವರೆಗೂ ನಾಲ್ಕು ಮುಟ್ಟಲ್ಲ."

ಅವಳಿಗೆ ಆಮೇಲೆ ಎರಡು ತಿಂಗಳಿತ್ತು. ನಾಲ್ಕನ್ನು ತಿದ್ದಲು ಸಾಕಾಗುವಷ್ಟು ಕಾಲ. ಆಗ್ನೆಸ್ ತಪ್ಪು ಮಾಡಿದರೆ ಕೇಕು ತರಿಸುತ್ತಿದ್ದ ಹುಡುಗಿ ನನ್ನ ತಪ್ಪಿಗೆ ತನ್ನ ಕೆಲಸವನ್ನೇ ನಿಲ್ಲಿಸಿ ಕೂತಿದ್ದಳು.

ಭಾನುವಾರ, ಸಮುದ್ರದ ದಂಡೆ

ಆ ಊರಿನಲ್ಲಿ ಭಾನುವಾರ ಎಲ್ಲರೂ ಸಮುದ್ರದ ದಂಡೆಯಲ್ಲಿ ನಡೆಯುತ್ತಾರೆ, ನೀರಿಗೆ ಇಳಿಯುವುದಿಲ್ಲ. ಎದುರು ಬಂದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳುತ್ತಾರೆ. ನಾನೂ ಹೇಳುತ್ತ ನಡೆದೆ, ಆರೋಪಿ ಕಟಕಟೆಗೆ ನಡೆಯುವ ಹಾಗೆ.

ಸಮಿತಿಯ ಮೂವರಲ್ಲಿ ಯಾರಿಗೂ ನಮ್ಮ ಹಳೆಯ ತೀರ್ಪುಗಳ ಪರಿಚಯವಿರಲಿಲ್ಲ. ಅದನ್ನು ತಾಳೆ ನೋಡುವ ಹೊಣೆ ನನ್ನದೇ. ಸರಿಯಿದೆ ಎಂದು ನಾನು ಹೇಳಿದರೆ ಸರಿಯೇ. ರೂಪ ಡಾಕ್ಟರ್ ಆಗುತ್ತಾಳೆ. ಮನೆಗೆ ಫೋನ್ ಮಾಡಿದೆ. ನಮ್ಮ ಮನೆಯವರು ಎಲ್ಲ ಕೇಳಿದರು.

"ಯಾರಿಗೂ ಗೊತ್ತಾಗಲ್ಲ ತಾನೇ?"

"ಗೊತ್ತಾಗಲ್ಲ."

"ಹಂಗಾದ್ರೆ ಸುಮ್ನಿದ್ದುಬಿಡಿ. ನಿಮ್ಮ ಮರ್ಯಾದೆ ಉಳೀಲಿ ಅಂತ ಹೇಳ್ತಿಲ್ಲ, ಅದು ಹೋದ್ರೆ ಹೋಗ್ಲಿ. ಆ ತಾಯಿಗೆ ಏನು ಉಳಿದಿದೆ ಹೇಳಿ? ಒಂದು ಕಾಗದ ಕೇಳಿದಾಳೆ."

ಮಾತು ಸರಿಯಾಗಿತ್ತು. ಅದೇ ನನ್ನ ಕಷ್ಟ. ಸುಮ್ಮನಿದ್ದರೆ ಗೌರಮ್ಮನಿಗೆ ಕಾಗದ ಸಿಗುತ್ತದೆ. ಸುಮ್ಮನಿದ್ದರೆ ಮೂವತ್ತೊಂದು ವರ್ಷದ ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಎರಡು ಕಕ್ಷಿಗಳಿಗೂ ಒಬ್ಬನೇ ವಕೀಲ, ವಾದವೂ ಒಂದೇ. ನಾನು ಯಾರಿಗಾಗಿ ವಾದಿಸುತ್ತಿದ್ದೇನೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ತನ್ನ ಹಿತವಿರುವ ಮೊಕದ್ದಮೆಯಲ್ಲಿ ನ್ಯಾಯಾಧೀಶ ಕೂರಬಾರದು, ಎದ್ದು ಹೋಗಬೇಕು. ಇದನ್ನಂತೂ ನಾನು ಹೆಡ್‌ನೋಟಿನಿಂದ ಕಲಿತಿರಲಿಲ್ಲ.

ಸೋಮವಾರ, ಸಮಿತಿ

ಕಿಟಕಿಯಿರುವ ಸಣ್ಣ ಕೋಣೆ. ಮೂವರು ಪರೀಕ್ಷಕರು, ಪಕ್ಕದಲ್ಲಿ ಮಾತಾಡುವ ಹಕ್ಕಿಲ್ಲದ ಆಗ್ನೆಸ್. ಮೊದಲ ಮೂರು ಅಧ್ಯಾಯಗಳ ಪ್ರಶ್ನೆಗಳಿಗೆ ಪುಟ ತಿರುವಿ ಉತ್ತರ ಹೇಳಿದೆ. ಒಂದೂ ಕಷ್ಟವಾಗಲಿಲ್ಲ, ಅವಳೇ ಎಲ್ಲ ಬರೆದಿಟ್ಟಿದ್ದಳು. ಆಮೇಲೆ ಅಧ್ಯಕ್ಷೆ ಹಾಳೆಗಳನ್ನು ಜೋಡಿಸಿಕೊಂಡು ಹೇಳಿದರು:

"ನಾಲ್ಕನೆಯದು ಎಲ್ಲಕ್ಕಿಂತ ಬಲವಾದದ್ದು. ಈ ಒಂದು ತೀರ್ಪಿನ ಮೇಲೆ ನಿಂತಿದೆ. ಅಭ್ಯರ್ಥಿ ಇಂದು ಇಲ್ಲಿದ್ದಿದ್ದರೆ ಇದನ್ನು ಹೀಗೆಯೇ ಸಮರ್ಥಿಸುತ್ತಿದ್ದರೇ?"

ಜೆರಾಕ್ಸನ್ನು ಮೇಜಿನ ಮೇಲೆ ಇಟ್ಟೆ. "ಇದೂ ಅಭ್ಯರ್ಥಿ ಬರೆದಿಟ್ಟದ್ದೇ" ಎಂದೆ.

"ಯಾವ ಭಾಷೆ?"

"ಕನ್ನಡ."

"ದಯವಿಟ್ಟು ಓದಿ. ಮೊದಲು ಅವರದೇ ಭಾಷೆಯಲ್ಲಿ."

ಓದಿದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಹೆಡ್‌ನೋಟಿನ ಕಥೆಯನ್ನೂ ಹೇಳಿದೆ, ಬ್ಲೇಡಿನ ಸಮೇತ. ಯಾರೂ ನಗಲಿಲ್ಲ.

"ಈ 'ಸಾರ್' ಯಾರು?" ಎಂದರು ಅಧ್ಯಕ್ಷೆ.

"ನಾನು."

ಆಗ್ನೆಸ್ ತಲೆ ಬಗ್ಗಿಸಿದರು. ಡಿಸೆಂಬರಿನಲ್ಲಿ ರೂಪ ಅವರಿಗೆ, ನಾಲ್ಕರಲ್ಲಿ ಒಂದು ತೊಡಕಿದೆ, ಊರಿಗೆ ಹೋಗಿ ಇತ್ಯರ್ಥ ಮಾಡಿಕೊಂಡು ಬರಬೇಕು ಎಂದಿದ್ದಳಂತೆ. ಮನೆಯ ವಿಷಯ ಎಂದುಕೊಂಡು ಅವರು ಕೆದಕಿರಲಿಲ್ಲ. ಇದನ್ನು ಅವರು ನನಗೆ ಆಮೇಲೆ ಹೇಳಿದರು.

ಸಮಿತಿಯವರು ನಮ್ಮನ್ನು ಹೊರಗೆ ಕಳಿಸಿ, ಒಂದು ಗಂಟೆ ಕಳೆದು ಕರೆದರು. ಅಧ್ಯಕ್ಷೆ ಮೆಲ್ಲಗೆ, ಒಂದೊಂದೇ ಮಾತು ಆರಿಸಿಕೊಂಡು ಹೇಳಿದರು. ಅಭ್ಯರ್ಥಿ ತಪ್ಪನ್ನು ತಾವೇ ಕಂಡುಹಿಡಿದರು, ಅದು ಒಳ್ಳೆಯ ಸಂಶೋಧಕಿಯ ಲಕ್ಷಣ. ಆದರೆ ಕಂಡ ಮೇಲೆ ಅವರು ಏನು ಬರೆಯುತ್ತಿದ್ದರು ಎಂಬುದು ನಮ್ಮ ಮುಂದಿಲ್ಲ. ಬರೆಯದೆ ಉಳಿದದ್ದಕ್ಕೆ ಪದವಿ ಕೊಡಲು ನಮಗೆ ಅಧಿಕಾರವಿಲ್ಲ.

"ಏನು ಬರೆಯುತ್ತಿದ್ದಳೆಂದು ನಾನು ಹೇಳಬಲ್ಲೆ" ಎಂದೆ. ನಿಜವಾಗಿಯೂ ಬಲ್ಲವನಾಗಿದ್ದೆ. ಅವಳ ಮೂರನೆಯ ಅಧ್ಯಾಯದಲ್ಲೇ ಅದಕ್ಕೆ ದಾರಿಯಿತ್ತು. ಎರಡು ದಿನದಿಂದ ನನಗೆ ಅದು ಬೆಳಕಿನಂತೆ ಕಾಣುತ್ತಿತ್ತು.

"ಹೇಳಬಲ್ಲಿರಿ. ಆದರೆ ನಾವು ಪರೀಕ್ಷಿಸುತ್ತಿರುವುದು ನಿಮ್ಮನ್ನಲ್ಲ."

ನಾಲ್ಕನೆಯ ಅಧ್ಯಾಯವನ್ನು ತೆಗೆದು, ಉಳಿದ ಮೂರು ಅಧ್ಯಾಯಕ್ಕೆ ಒಂದು ಮೆಟ್ಟಿಲು ಕೆಳಗಿನ ಪದವಿ ಕೊಟ್ಟರು. ಡಾಕ್ಟರೇಟಲ್ಲ, ಸಂಶೋಧನೆಯ ಮಾಸ್ಟರ್ ಪದವಿ. ತೀರ್ಪು ನ್ಯಾಯವಾಗಿತ್ತು. ಮೇಲ್ಮನವಿಗೆ ಆಧಾರವೇ ಇರಲಿಲ್ಲ.

ಕೋಣೆಗೆ ಬಂದರೆ ಎನ್‌ಗೋಜಿಗೆ ಸುದ್ದಿ ಮುಟ್ಟಿತ್ತು. ಅವಳ ಕಣ್ಣು ಕೆಂಪಾಗಿತ್ತು. "ಸಾರ್, ತೀರ್ಪನ್ನೇ ತಪ್ಪು ಓದಿದವರಿಗೆ ಚಾಕೊಲೇಟು" ಎಂದಳು.

ಮರುದಿನ ಚಾಕೊಲೇಟು ಕೇಕು ತಂದೆ. ಗುರುವಾರವಲ್ಲದಿದ್ದರೂ ಎಲ್ಲರೂ ಬಂದರು. ಮೊದಲ ಹೋಳನ್ನು ಒಂದು ತಟ್ಟೆಯಲ್ಲಿ ಇಟ್ಟು ರೂಪಳ ಮೇಜಿನ ಮೇಲೆ ಇರಿಸಿದರು. ಯಾರೂ ಭಾಷಣ ಮಾಡಲಿಲ್ಲ. ನಾನೇ ತಂದ ಕೇಕನ್ನು ನಾನೇ ತುಂಬ ಚೆನ್ನಾಗಿದೆ ಎಂದು ಹೊಗಳಿದೆ.

ಹುಳಿಮಾವು

ಬಂದ ಮಾರನೆಯ ದಿನವೇ ಹೋದೆ. ಗೌರಮ್ಮ ಆಗತಾನೆ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ರೂಪಳ ಎರಡು ಪೆಟ್ಟಿಗೆಗಳನ್ನು ಆಟೋದವನೇ ಒಳಗಿಟ್ಟು ಹೋದ. ಕಾಗದವನ್ನು ಅವರ ಕೈಗೆ ಕೊಟ್ಟೆ.

"ಡಾಕ್ಟರ್ ಅಂತ ಇದೆಯಾ ಸಾರ್?"

"ಇಲ್ಲ ಗೌರಮ್ಮ."

ಅವರು ಕಾಗದವನ್ನೇ ನೋಡುತ್ತಿದ್ದರು. "ಅವಳು ತಪ್ಪು ಬರೆದಿದ್ಲಾ?"

"ತಪ್ಪು ನಂದು. ನಾನು ತಪ್ಪು ಹೇಳಿಕೊಟ್ಟಿದ್ದೆ. ಅವಳು ಅದನ್ನ ನಂಬಿ ಬರೆದಿದ್ಲು."

"ಗೊತ್ತಾಗಲಿಲ್ವಾ ಅವಳಿಗೆ?"

"ಗೊತ್ತಾಯ್ತು. ಡಿಸೆಂಬರಲ್ಲೇ ಗೊತ್ತಾಯ್ತು. ನನಗೆ ಫೋನಲ್ಲಿ ಹೇಳೋಕೆ ಮನಸ್ಸು ಬರಲಿಲ್ಲ ಅವಳಿಗೆ. ಎದುರಿಗೆ ಕೂತು ಹೇಳ್ಬೇಕು ಅಂತ ಬರೆದಿಟ್ಟಿದ್ಲು."

ಬೈದರೆ ಬೈಸಿಕೊಳ್ಳೋಣ ಎಂದು ಕೂತಿದ್ದೆ. ಆಮೇಲೆ ಅವರು ಹೇಳಿದ್ದನ್ನು ಕೇಳಿಸಿಕೊಳ್ಳಲು ನಾನು ತಯಾರಾಗಿರಲಿಲ್ಲ.

"ಸಂಕ್ರಾಂತಿಗೆ ಬರ್ತೀನಿ ಅಂದಿದ್ಲು ಸಾರ್. ಒಂದು ವಾರ ಬಂದೋಗ್ತೀನಮ್ಮ, ಸಾರ್ ಹತ್ರ ಒಂದು ಮಾತಾಡೋದಿದೆ ಅಂದ್ಲು. ನಾನೇ ಬೇಡ ಅಂದೆ. ಒಂದು ಮಾತಿಗೆ ಯಾರಾದ್ರೂ ಅಷ್ಟು ದೂರದಿಂದ ಬರ್ತಾರಾ, ಓದು ಮುಗಿಸ್ಕೊಂಡು ಒಂದೇ ಸಲ ಬಾ ಅಂದೆ. ಬೈದೂ ಬಿಟ್ಟೆ."

ನಿಮ್ಮ ತಪ್ಪಲ್ಲ ಎಂದು ಹೇಳಬೇಕೆಂದಿದ್ದೆ. ಆ ಮಾತು ಹೇಳಲು ನನಗೆ ಏನು ಅರ್ಹತೆ?

ಅವರು ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡರು. "ಬಂದು ಹೇಳಿದ್ದಿದ್ರೆ ನೀವೂ ಬೈತಿದ್ರಾ ಸಾರ್?"

ಇಲ್ಲ ಎನ್ನಲು ಬಾಯಿ ತೆರೆದೆ. ಅದು ಸುಳ್ಳಾಗುತ್ತಿತ್ತು.

"ಮೊದಲು ಬೈತಿದ್ದೆ ಗೌರಮ್ಮ. ಕಳಿಸಿಬಿಡ್ತಿದ್ದೆ. ಆಮೇಲೆ ಪುಸ್ತಕ ಹುಡುಕಿ ನೋಡ್ತಿದ್ದೆ. ನೋಡಿ ಅವಳಿಗೆ ಫೋನ್ ಮಾಡ್ತಿದ್ದೆ."

"ಎತ್ತೋಳು ಸಾರ್" ಎಂದರು ಗೌರಮ್ಮ. "ನಿಮ್ಮ ಫೋನ್ ಅಂದ್ರೆ ಊಟದಿಂದ ಎದ್ದು ಬಂದಾದ್ರೂ ಎತ್ತೋಳು."